ನಮ್ಮತ್ತೆ ಕಟ್ಟಿದ ಸೈಕಲ್ಲು

ನಮ್ಮತ್ತೆಗೆ ಇಬ್ಬರು ಮಕ್ಕಳು. ಒಬ್ಬರು ನನ್ನ ಯಜಮಾನರು. ಇನ್ನೊಂದಕ್ಕೆ ಎರಡು ಚಕ್ರ. ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಮಾತ್ರ ಕೇಳಬೇಡಿ. ದೀಪಾವಳಿಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಣ್ಣೆ ಮೊದಲು ಬೀಳುವುದು ಮಗನ ನೆತ್ತಿಗಲ್ಲ, ಸೈಕಲ್ಲಿನ ಚೈನಿಗೆ!

ಅತ್ತೆ ಗದಗಿನ ಕಡೆಯವರು. ವಯಸ್ಸು ಐವತ್ತಾರು. ಮಾವ ತೀರಿಕೊಂಡ ಮೇಲೆ ಅವರಿದ್ದ ಮಹಾಪೆಯ ಕಾರ್ಖಾನೆಯಲ್ಲೇ ಸ್ಟೋರ್‌ಕೀಪರ್ ಆಗಿ ಸೇರಿ, ನಟ್ಟು, ಬೋಲ್ಟು, ಬೇರಿಂಗುಗಳ ನಡುವೆ ಬದುಕು ಕಟ್ಟಿಕೊಂಡವರು. ನಾನೋ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಉಡುಪಿ ಮೂಲದವಳು. ಮದುವೆಯಾದ ಹೊಸತರಲ್ಲಿ ಅವರ ಕನ್ನಡ ನನಗೆ ಜಗಳದ ಹಾಗೆ ಕೇಳುತ್ತಿತ್ತು. ನನ್ನ ಕನ್ನಡ ಅವರಿಗೆ ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ. ತುರ್ತಿನ ವಿಷಯಗಳನ್ನೆಲ್ಲ ಇಬ್ಬರೂ ಹಿಂದಿಯಲ್ಲೇ ಇತ್ಯರ್ಥ ಮಾಡಿಕೊಳ್ಳುತ್ತಿದ್ದೆವು!

ಎಲ್ಲ ಶುರುವಾದದ್ದು ಒಂದು ಸಂಜೆ. ಅತ್ತೆ ಕೆಲಸ ಮುಗಿಸಿ ಕೋಪರಖೈರಣೆಯ ನಮ್ಮ ಎರಡನೇ ಮಹಡಿಯ ಮನೆಗೆ ಏದುಸಿರು ಬಿಡುತ್ತ ಬಂದವರೇ ಊಟದ ಡಬ್ಬಿಯ ಚೀಲವನ್ನು ಮೇಜಿನ ಮೇಲೆ ಕುಕ್ಕಿದರು.

“ಇವತ್ತ ಒಬ್ಬ ಮುದುಕ ನಡಕೋತ ನನ್ನ ಶೇರ್ ರಿಕ್ಷಾನ ಹಿಂದ ಹಾಕಿ ಹೋದ! ಹೋಗ್ಲಿ ಬಿಡು ಅಂದೆ ನಾ. ಮುಂದ ಒಂದ ಕಡೆ ನಿಂತು ಚಾ ಕುಡದ. ಕುಡದು ಬಂದು ಮತ್ತ ಹಿಂದ ಹಾಕಿದ! ಸಾಕಾತು. ನಾ ಸೈಕಲ್ ತಗೋತೀನಿ.”

“ಅವ್ವಾ, ಮಜಾಕ್ ಮಾಡಬ್ಯಾಡ,” ಎಂದರು ನನ್ನ ಗಂಡ, ಮೊಬೈಲಿನಿಂದ ಕಣ್ಣೆತ್ತದೆ.

ನಮ್ಮತ್ತೆ ಮಜಾಕ್ ಮಾಡುವವರೇ? ಮುಂದಿನ ಭಾನುವಾರವೇ ನನ್ನನ್ನು ಎಳೆದುಕೊಂಡು ಠಾಣೆಯ ದೊಡ್ಡ ಸೈಕಲ್ ಅಂಗಡಿಗೆ ಹೋದರು. ಅಲ್ಲಿನವನು ಮುಗುಳ್ನಗುತ್ತ ತಿಳಿಗುಲಾಬಿ ಬಣ್ಣದ, ಮುಂದೆ ಬೆತ್ತದ ಬುಟ್ಟಿಯಿದ್ದ ಲೇಡೀಸ್ ಸೈಕಲ್ ತಂದು ನಿಲ್ಲಿಸಿದ. ಅತ್ತೆ ಬುಟ್ಟಿಯನ್ನೂ ನೋಡಿದರು, ನನ್ನನ್ನೂ ನೋಡಿದರು. “ಇದರಾಗ ಹೂವ ಇಟ್ಕೊಂಡು ಗುಡಿಗೆ ಹೋಗ್ಲ್ಯಾ?” ಎಂದರು.

ಅವನು ಅವಸರವಾಗಿ ಬುಟ್ಟಿಯನ್ನು ಹಿಂದೆ ಸರಿಸಿ, ನಿಮಗೆ ರಸ್ತೆಯ ಸೈಕಲ್ ಬೇಕೋ, ಗುಡ್ಡದ ಸೈಕಲ್ ಬೇಕೋ ಎಂದು ವಿಚಾರಿಸಿದ. ಅತ್ತೆ ತಮ್ಮ ಗದಗ ಹಿಂದಿಯಲ್ಲಿ ಮನೆಯಿಂದ ಮಹಾಪೆಯ ತನಕದ ದಾರಿಯನ್ನು ಬಣ್ಣಿಸಿದರು. ಮೊದಲು ಕಾಂಕ್ರೀಟ್. ಆಮೇಲೆ ಅಗೆದಿದ್ದಾರೆ. ಅಗೆದದ್ದನ್ನು ಮುಚ್ಚಿದ್ದಾರೆ. ಮುಚ್ಚಿದ್ದನ್ನು ಮತ್ತೆ ಅಗೆದಿದ್ದಾರೆ. ಆಮೇಲೆ ಜಲ್ಲಿ, ಅದರ ಮೇಲೆ ಲಾರಿ. “ಇದು ರಸ್ತೆಯೋ ಗುಡ್ಡವೋ, ನೀವೇ ಹೇಳಿ.” ಎಂದು ಅವನನ್ನೇ ಕೇಳಿದರು. “ಮತ್ತ ರವಿವಾರ ಖರೇನ ಗುಡ್ಡಕ್ಕ ಹೋಗಾಕಿ ಅದೇನಿ ನಾ,” ಎಂದು ನನ್ನ ಕಡೆ ತಿರುಗಿ ಸೇರಿಸಿದರು. ಇದು ನನಗೂ ಹೊಸ ಸುದ್ದಿ!

ಎಲ್ಲ ದಾರಿಗೂ ಒಗ್ಗುವ ಸೈಕಲ್ಲು ಆ ಅಂಗಡಿಯಲ್ಲಿ ಇರಲಿಲ್ಲವೆಂದಲ್ಲ. ಇದ್ದದ್ದೆಲ್ಲ ಅಲ್ಯುಮಿನಿಯಮ್ಮಿನವು. ಅದು ಅತ್ತೆಗೆ ಆಗದು. “ಕಬ್ಬಿಣ ಮುರದ್ರ ಕಳಂಬೋಲಿಯೊಳಗ ಬೆಸಿಗಿ ಹಾಕೋರು ಸಿಗ್ತಾರ. ಅಲ್ಯುಮಿನಿಯಂ ಮುರದ್ರ ಬರೇ ಸಮಾಧಾನ ಹೇಳೋರು ಸಿಗ್ತಾರ,” ಎಂದು ಘೋಷಿಸಿ ಹೊರಬಿದ್ದರು. ಸೈಕಲ್ಲನ್ನು ಕೊಳ್ಳುವುದಿಲ್ಲ, ಕಟ್ಟುತ್ತೇನೆ ಎಂದು ಅವರು ನಿರ್ಧರಿಸಿದ್ದು ಠಾಣೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲ ಮೇಲೆ. ನನ್ನ ಸಮ್ಮತಿಯನ್ನು ಯಾರೂ ಕೇಳಲಿಲ್ಲ.

ಶಹಾಡಿನ ಗುಜರಿಯೊಂದರಲ್ಲಿ ಫ್ರೇಮು ಸಿಕ್ಕಿತು. ಯಾವುದೋ ಕಾಲದ ಗಟ್ಟಿ ಉಕ್ಕಿನದು, ತುಕ್ಕು ಮೇಲುಮೇಲಿನದಷ್ಟೇ. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕ ನಿಂತು ಅದನ್ನು ಮನೆಗೆ ತಂದರು. ಉಜ್ಜಿ, ಕಡುಹಸಿರು ಬಣ್ಣ ಬಳಿದರು. ಒಣಗಿಸುವುದೆಲ್ಲಿ? ನಮ್ಮ ಹಾಲ್‌ನ ಚಾವಣಿಯಲ್ಲಿ ತೊಟ್ಟಿಲಿಗೆಂದು ಹಿಂದಿನವರು ಹಾಕಿಸಿದ್ದ ಕೊಂಡಿಯೊಂದಿದೆ. ಅದಕ್ಕೆ ಫ್ರೇಮನ್ನು ತೂಗುಹಾಕಿ, ಧೂಳು ಕೂರದಿರಲೆಂದು ತಮ್ಮ ಹಳೆಯ ಮೆತ್ತನೆಯ ಸೀರೆಯನ್ನು ಸುತ್ತಿದರು. ಮಾರನೆಯ ದಿನ ಎದುರು ಮನೆಯ ಮರಾಠಿ ಹೆಂಗಸು, ನಾವು ವಹಿನಿ ಎನ್ನುವವರು, ಅರ್ಧ ತೆರೆದ ಬಾಗಿಲಿನಿಂದ ಇಣುಕಿ ನೋಡಿ, ಪೇಡೆಯ ಪೊಟ್ಟಣ ಹಿಡಿದು ಬಂದು ನನ್ನ ಗಲ್ಲ ಸವರಿ, “ಎಷ್ಟನೇ ತಿಂಗಳು?” ಎಂದು ಮರಾಠಿಯಲ್ಲಿ ಕೇಳಿದರು! ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪೇಡೆ ಬಾಯಿಗೆ ಹಾಕಿಕೊಂಡು, “ಇನ್ನೂ ಚಕ್ರ ಬರಬೇಕ್ರಿ,” ಎಂದರು. ಆ ವಹಿನಿ ಒಂದು ವಾರ ನಮ್ಮ ಕಡೆ ನೋಡಲಿಲ್ಲ.

ಒಂದೊಂದು ಭಾಗವೂ ಒಂದೊಂದು ಊರಿನಿಂದ ಬಂತು. ಕಲ್ಯಾಣದ ಹಳೆಯ ಮೆಕ್ಯಾನಿಕ್ ಒಬ್ಬರು, ಎಲ್ಲರ ಬಾಯಲ್ಲಿ ಚಾಚಾ, ಅತ್ತೆಗೆ ಗುರುವಾದರು. ಗುರುವಿನೊಂದಿಗೆ ಜಗಳವೂ ಶುರುವಾಯಿತು. ಅತ್ತೆಗೆ ಬೇಕಾದದ್ದು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿ ಅಗಲವಾದ ಹ್ಯಾಂಡಲ್. ಎದುರುಗಾಳಿಗೆ ಬಾಗಬಹುದು, ಇಳಿಜಾರಿನಲ್ಲಿ ಬಿಗಿಯಾಗಿ ಹಿಡಿಯಬಹುದು. “ಬೆಹೆನ್‌ಜೀ, ಈ ವಯಸ್ಸಿಗೆ ಸೊಂಟ ನೋಯುತ್ತದೆ,” ಎಂದು ಚಾಚಾ ಹಿಂದಿಯಲ್ಲಿ ವಿನಯದಿಂದ ಹೇಳಿದರು. “ಮೂವತ್ತು ವರ್ಷ ಬಗ್ಗಿ ರೊಟ್ಟಿ ಬಡಿದ ಸೊಂಟ. ನಿಮ್ಮ ಹ್ಯಾಂಡಲ್ಲಿಗೆ ಹೆದರುತ್ತದೆಯೇ?” ಎಂದು ಅತ್ತೆಯೂ ಹಿಂದಿಯಲ್ಲೇ ಕೇಳಿದರು. ಚಾಚಾ ಎರಡು ಚಹಾ ಹೇಳಿ, ಕೊಂಬನ್ನು ಜೋಡಿಸಿಕೊಟ್ಟರು.

ಇತ್ತ ಅಡುಗೆಮನೆ ವರ್ಕ್‌ಶಾಪಾಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ನೀರುದೋಸೆ ಹಿಟ್ಟಿನ ಪಾತ್ರೆಯಲ್ಲಿ ಚೈನು ಸೀಮೆಎಣ್ಣೆಯ ಸ್ನಾನ ಮಾಡುತ್ತಿದೆ!

“ಅತ್ತೆ! ಎಂತ ಇದು ಮಾರಾಯ್ರೆ! ಇದರಲ್ಲಿ ನಾನು ಹಿಟ್ಟು ಕಲಸುವುದಲ್ವಾ?”

“ತೊಳದ ಕೊಡ್ತೀನಿ ಬಿಡವಾ.”

ತೊಳೆದೇ ಕೊಟ್ಟರು, ಮೂರು ಸಲ. ಆದರೂ ಮಾರನೆಯ ದಿನ ದೋಸೆಗಳು ಕಾವಲಿಯಿಂದ ಎಂದಿಲ್ಲದ ಹಾಗೆ ಸರಸರನೆ ಎದ್ದು ಬಂದಾಗ ನನಗೆ ಅನುಮಾನ. ಅತ್ತೆಗೆ ಹೆಮ್ಮೆ. “ನೋಡು, ಗೇರ್ ಹೆಂಗ್ ಬಿದ್ದಾವ!”

ಇನ್ನು ಅವರ ವರ್ನಿಯರ್ ಮಾಪಕದ ಕಾಟ! ಅಗೆದ ರಸ್ತೆಗೆ ದಪ್ಪ ಟಯರು ಬೇಕು, ಆದರೆ ಫ್ರೇಮಿನ ಕವಲಿನ ನಡುವೆ ತೂರಬೇಕು, ಮಡ್‌ಗಾರ್ಡಿಗೂ ಜಾಗ ಉಳಿಯಬೇಕು. ಹಾಗಾಗಿ ಅತ್ತೆ ಸದಾ ಅದನ್ನು ಹಿಡಿದುಕೊಂಡೇ ಓಡಾಡುತ್ತಿದ್ದರು. ಟಯರು ಅಳೆದು ಮುಗಿದರೂ ಕೈ ಸುಮ್ಮನಿರಬೇಕಲ್ಲ? ಒಂದು ದಿನ ಊಟಕ್ಕೆ ಕೂತು ನನ್ನ ಚಪಾತಿಯನ್ನು ಅಳೆದರು. “ಈ ಅಂಚು ಎರಡು ಮಿಲಿಮೀಟರ್, ಆ ಅಂಚು ನಾಕು. ಇದು ರಿಮ್ ಆಗಿದ್ರ ತಿರುಗಿಸಿ ನೆಟ್ಟಗ ಮಾಡ್ತಿದ್ದೆ.” ನನ್ನ ಗಂಡ ನಕ್ಕರು. ಅವರಿಗೆ ಆ ದಿನ ಎರಡನೇ ಚಪಾತಿ ಸಿಗಲಿಲ್ಲ.

ಏಳು ತಿಂಗಳಾದ ಮೇಲೆ ಸೈಕಲ್ಲು ನೆಲಕ್ಕಿಳಿಯಿತು. ಹಿಂದೆ ಡಬ್ಬಿಯ ಚೀಲಕ್ಕೆ ಕ್ಯಾರಿಯರ್, ಮುಂದೆ ದೀಪ, ಕಲ್ಲುಮಣ್ಣಿನ ಏರಿಗೂ ಸಲ್ಲುವ ಗೇರು. ಅತ್ತೆ ಚೂಡಿದಾರದ ಓಢಣಿಯನ್ನು ಪೊಲೀಸರ ಬೆಲ್ಟಿನ ಹಾಗೆ ಅಡ್ಡಲಾಗಿ ಬಿಗಿದು ಹೊರಟರೆ ವಾಚ್‌ಮನ್ ಸಲಾಮು ಹೊಡೆಯುತ್ತಿದ್ದ. ದಾರಿಯಲ್ಲಿ ಸಿಕ್ಕಿಕೊಂಡ ಶೇರ್ ರಿಕ್ಷಾಗಳ ಪಕ್ಕ ನಿಧಾನ ಮಾಡಿ, ಒಳಗಿದ್ದ ತಮ್ಮ ಆಫೀಸಿನವರಿಗೆ ಗಂಟೆ ಬಾರಿಸಿಯೇ ಮುಂದೆ ಹೋಗುತ್ತಿದ್ದರಂತೆ. ಭಾನುವಾರ ಖಾರ್ಘರ್ ಗುಡ್ಡ. ಅಲ್ಲಿ ಬರುವ ಹುಡುಗ ಹುಡುಗಿಯರಿಗೆಲ್ಲ ಅವರು ಕಾಕೂ, ಅಂದರೆ ಚಿಕ್ಕಮ್ಮ. ಅವರ ದುಬಾರಿ ಸೈಕಲ್ಲುಗಳ ಗೇರು ಕೆಟ್ಟರೆ ರಿಪೇರಿ ಮಾಡುವವರೂ ಕಾಕೂವೇ.

ಮಳೆ ಹಿಡಿದ ಮೊದಲ ವಾರ, ಅದೇ ಗುಡ್ಡದ ಇಳಿಜಾರಿನಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿತು.

ನಾವು ಆಸ್ಪತ್ರೆಗೆ ಓಡಿದಾಗ ಅತ್ತೆಯ ಬಲ ಮಣಿಕಟ್ಟು ಊದಿಕೊಂಡಿತ್ತು, ಮುಖದ ಒಂದು ಬದಿಯಿಡೀ ಕೆಸರು. ಅತ್ತೆ ಕಣ್ಣು ಬಿಟ್ಟು ಕೇಳಿದ ಮೊದಲ ಪ್ರಶ್ನೆ: “ರಿಮ್ ಬಾಗೇತೇನು?”

ಮಗ ನಗಲಿಲ್ಲ. ಮೂಳೆ ಎರಡು ಕಡೆ ಮುರಿದಿತ್ತು. ವಯಸ್ಸಿಗೆ ಸವೆದಿದೆ, ಇನ್ನೊಮ್ಮೆ ಬಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದವರೇ ನನ್ನ ಗಂಡ ಸೈಕಲ್ಲಿನ ಮುಂದಿನ ಚಕ್ರ ಕಳಚಿ ಅಟ್ಟಕ್ಕೆ ಹಾಕಿದರು. “ಬಸ್, ಅವ್ವಾ. ಅಪ್ಪ ಹೋದಾಗ ನಾ ಸಣ್ಣಾವ ಇದ್ದೆ. ಈಗ ನಿನಗ ಏನರ ಆದ್ರ ನನ್ನ ಕಡೆಯಿಂದ ತಡಕೊಳ್ಳಾಕ ಆಗೂದಿಲ್ಲ. ಇದನ್ನ ಮಾರಿಬಿಡೋಣ.”

ಅತ್ತೆ ಬೈಯುತ್ತಾರೆಂದು ನಾನು ಕಾದೆ. “ಆತು,” ಎಂದರು. ಅಷ್ಟೇ.

ಮುಂದಿನ ಆರು ವಾರ ನಾನು ಅವರಿಗೆ ಸ್ನಾನ ಮಾಡಿಸಿದೆ, ತಲೆ ಬಾಚಿದೆ, ತುತ್ತು ಕಲಸಿಕೊಟ್ಟೆ. ಅವರು ಯಾವುದಕ್ಕೂ ಕೊಂಕು ಹೇಳಲಿಲ್ಲ. ನನಗೆ ಭಯವಾಯಿತು. ಒಂದು ದಿನ ಬೇಕೆಂದೇ ಚಪಾತಿಯನ್ನು ಮೂರು ಮೂಲೆಯಾಗಿ ಲಟ್ಟಿಸಿ ಬಡಿಸಿದೆ. ಸುಮ್ಮನೆ ತಿಂದರು! ಆಗ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅಳು ಮುಗಿಸಿ, ಸ್ಟೂಲು ಹತ್ತಿ, ಅಟ್ಟದಿಂದ ಚಕ್ರ ಇಳಿಸಿದೆ.

“ಅತ್ತೆ, ಇದನ್ನು ಹಾಕುವುದು ಹೇಗೆ, ಹೇಳಿ.”

“ಯಾಕ? ಮಾರೂದೈತೆಲ್ಲ.”

“ಒಂದು ಚಕ್ರದ ಸೈಕಲ್ ಯಾರು ತೆಗೊಳ್ತಾರೆ ಮಾರಾಯ್ರೆ?”

ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಬಲಕ್ಕ ತಿರುವು. ಅದು ಎಡಾ ಆತು! ಬಲಾ ಅಂದ್ರ ಉಣ್ಣೋ ಕೈ!” ಮೂರು ಸಂಜೆ ನನ್ನ ಏಳು ಜನ್ಮದ ಮರ್ಯಾದೆ ತೆಗೆದರು. ಬೈಗುಳ ಕೇಳಿ ಅಷ್ಟು ಹಿಗ್ಗಿದ ಸೊಸೆ ಭೂಮಿಯ ಮೇಲೆ ಇನ್ನೊಬ್ಬಳು ಇದ್ದಾಳೆಯೇ? ಮೂರನೆಯ ಸಂಜೆ ನನ್ನ ಗಂಡ ಬಾಗಿಲಲ್ಲಿ ನಿಂತು ತಾಯಿ ಕೂಗಾಡುವುದನ್ನು ಬಹಳ ಹೊತ್ತು ಕೇಳಿದರು. “ಗುಡ್ಡ ಬ್ಯಾಡ. ರಸ್ತಾದ ಮ್ಯಾಲ ಅಷ್ಟ,” ಎಂದರು. “ಬೇಸಿಗಿಯೊಳಗ ನೋಡೂಣು,” ಎಂದರು ಅತ್ತೆ.

ಪ್ಲಾಸ್ಟರ್ ಬಿಚ್ಚಿ ಕೈಗೆ ಬಲ ಬಂದ ಮೇಲೆ, ಒಂದು ಬೆಳಿಗ್ಗೆ ಇಬ್ಬರೂ ಕಟ್ಟಡದ ಹಿಂದಿನ ಓಣಿಗೆ ಸೈಕಲ್ಲು ಇಳಿಸಿದೆವು. ಅತ್ತೆ ಸೀಟಿನ ಮೇಲೆ ಕೂತರು. ಒಂದು ಕಾಲು ನೆಲದ ಮೇಲೆಯೇ ಇತ್ತು. ಬಲಗೈ ಹ್ಯಾಂಡಲ್ಲನ್ನು ಮುಟ್ಟುತ್ತಿತ್ತು, ಹಿಡಿಯುತ್ತಿರಲಿಲ್ಲ. ಮುಖ ಮುಂದಕ್ಕೇ ಇಟ್ಟುಕೊಂಡು ಮೆಲ್ಲಗೆ ಹೇಳಿದರು:

“ಅಂಜಿಕಿ ಬರಾಕತ್ತೇತಿ ನೋಡವಾ. ಹಿಂದ ಹಿಡ್ಕೋತೀಯೇನು?”

ಜಗತ್ತನ್ನೇ ಅಳೆದು ನೋಡುವ ನಮ್ಮತ್ತೆ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಸೀಟಿನ ಹಿಂಬದಿಯನ್ನು ಎರಡೂ ಕೈಯಿಂದ ಹಿಡಿದೆ. ಅವರು ಪೆಡಲ್ ತುಳಿದರು, ನಾನು ಓಡಿದೆ. ಮೊದಮೊದಲು ಸೈಕಲ್ಲು ಓಲಾಡಿತು. ಆಮೇಲೆ ನೆಟ್ಟಗಾಯಿತು. ಆಮೇಲೆ ವೇಗ ಹಿಡಿಯಿತು. ನನ್ನ ಚಪ್ಪಲಿಗಳು ಒಂದೊಂದಾಗಿ ಎಲ್ಲೋ ಬಿದ್ದವು.

“ಬಿಡಬೇ ಇನ್ನ! ನಾ ಹೊಂಟೇನಿ,” ಎಂದು ಕೂಗಿದರು. ಅವರ ದನಿಯಲ್ಲಿ ಹಳೆಯ ಜೋರು ಬಂದಿತ್ತು.

“ಆ ತಿರುವಿನಲ್ಲಿ ಬಿಡ್ತೇನೆ ಅತ್ತೆ!”

ತಿರುವು ಬಂತು, ಹೋಯಿತು. ಎರಡನೆಯದೂ ಬಂತು.

“ಬಿಟ್ಟೀಯೇನು?”

ಬರಿಗಾಲಿನಲ್ಲಿ ಓಡುತ್ತಲೇ ಇದ್ದೆ. ಅತ್ತೆಗೆ ಆಗಲೇ ನನ್ನ ಕೈ ಬೇಕಾಗಿರಲಿಲ್ಲ, ಆದರೂ ಬಿಡಲು ನನ್ನಿಂದಾಗಲಿಲ್ಲ.