ಗೇಟಿನಲ್ಲಿ ಕಿತ್ತುಕೊಂಡ ಬೀಡಿಗಳು

ನಾನು ಜೀವನದಲ್ಲಿ ಒಂದೇ ಒಂದು ಬೀಡಿಯನ್ನೂ ಕೊಂಡವನಲ್ಲ. ದೇವರಾಣೆಗೂ ಸತ್ಯ. ಇದನ್ನೇ ನನ್ನ ಹೆಂಡತಿ ರತ್ನಮ್ಮ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡು, 'ನಮ್ಮನೆಯವ್ರು ಬೀಡಿ ಮುಟ್ದೋರಲ್ಲ' ಎಂದು ನಲವತ್ತು ವರ್ಷದಿಂದ ನೆಂಟರ ಮುಂದೆಲ್ಲ ಬೀಗುತ್ತಿದ್ದಳು. ತಿದ್ದಿ ಅವಳ ಮನಸ್ಸು ನೋಯಿಸುವಷ್ಟು ಕಟುಕ ನಾನಲ್ಲ.

ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ನಾನು ಊರಿಗಾಂ ಕಡೆ ಗೇಟಿನ ಕಾವಲುಗಾರ. ಕೆಳಗಿಳಿಯುವವರ ಬಳಿ ಬೀಡಿ ಇರಬಾರದು, ಮೇಲೆ ಬರುವವರ ಬಳಿ ಬಂಗಾರ ಇರಬಾರದು. ಎಲ್ಲರ ಕೈ ಎತ್ತಿಸಿ ಜೇಬು, ಸೊಂಟ, ಟೋಪಿಯ ಮಡಿಕೆಯನ್ನೂ ಬಿಡದೆ ತಡವುತ್ತಿದ್ದೆ. ಬಂಗಾರ ಒಮ್ಮೆಯೂ ಸಿಗಲಿಲ್ಲ. ಬೀಡಿ ದಿನಾ ಸಿಗುತ್ತಿತ್ತು. ಅದನ್ನು ಸುಟ್ಟುಬಿಡುವುದೇ ಸರಿ ಎಂದು ನಾನೂ ಜೊತೆಗಾರ ಕೃಷ್ಣಪ್ಪನೂ ತೀರ್ಮಾನಿಸಿ, ಒಂದೊಂದಾಗಿ ಸುಟ್ಟೆವು. ಗಣಿ ಮುಚ್ಚಿದ ದಿನವೇ ನನ್ನ ಚಟವೂ ನಿಂತಿತು. ಕಾಸು ಕೊಟ್ಟು ಸೇದುವ ದುರಭ್ಯಾಸ ನನಗಿರಲಿಲ್ಲ.

ಹೋದ ವರ್ಷ ಕೃಷ್ಣಪ್ಪ ಹೊಟ್ಟೆನೋವೆಂದು ಮಲಗಿದವನು ಏಳಲೇ ಇಲ್ಲ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿ ಒಡೆದಿತ್ತಂತೆ. ಅಂದಿನಿಂದ ನನಗೆ ಹೊಟ್ಟೆ ಗುಡುಗುಟ್ಟಿದರೂ ಎದೆ ಝಲ್ಲೆನ್ನುತ್ತಿತ್ತು. ಅಷ್ಟರಲ್ಲಿ ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ, ಅರವತ್ತೈದು ದಾಟಿದ, ಎಂದಾದರೂ ಬೀಡಿ ಸಿಗರೇಟು ಸೇದಿದ ಗಂಡಸರಿಗೆ ಆ ನಾಳದ ಸ್ಕ್ಯಾನ್ ಮಾಡುತ್ತಾರೆಂದು ತಿಳಿಯಿತು. ಖಾಲಿ ಹೊಟ್ಟೆಯಲ್ಲಿ ಹೊರಟೆ. ಬೇಡವೆಂದರೂ ರತ್ನಮ್ಮ ಜೊತೆಗೆ ಬಂದಳು.

"ತಾತ, ಬೀಡಿ ಸೇದ್ತಿದ್ರಾ?" ನರ್ಸ್ ಕೇಳಿದಳು.

"ಛೇ, ಮುಟ್ದೋರೇ ಅಲ್ಲಮ್ಮ," ಎಂದಳು ರತ್ನಮ್ಮ, ನಾನು ಬಾಯಿ ತೆರೆಯುವ ಮೊದಲೇ.

"ಹಾಗಾದ್ರೆ ಇವ್ರಿಗೆ ಸ್ಕ್ಯಾನ್ ಬೇಡ. ಮುಂದಿನವ್ರು ಬನ್ನಿ."

ಒಂದು ಕಡೆ ಜೀವ, ಒಂದು ಕಡೆ ಮರ್ಯಾದೆ. ಮರ್ಯಾದೆಯನ್ನೇ ಆರಿಸಿಕೊಂಡು ನಾನು ಏಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಮುನಿಸ್ವಾಮಿ ಎದ್ದ. ಗೇಟಿನಲ್ಲಿ ದಿನಾ ನನ್ನ ಕೈಗೆ ಸಿಕ್ಕಿಬೀಳುತ್ತಿದ್ದ ಗಣಿ ಕೆಲಸಗಾರ.

"ಬರ್ಕೊಳಮ್ಮ. ಅವ್ರು ಕೊಂಡಿಲ್ಲ ಅಷ್ಟೇಯ. ನನ್ ಬೀಡಿ ಎಲ್ಲಾ ಅವ್ರೇ ಸೇದವ್ರೆ. ಗೇಟ್ ಇಂದ್ಗಡೆಯಿಂದ ಒಗೆ ಬರಾದು ನಾನೇ ನೋಡಿವ್ನಿ!"

ರತ್ನಮ್ಮ ನನ್ನ ಮುಖ ನೋಡಿದಳು. ಸ್ಕ್ಯಾನ್ ಆಗಲೇ ಶುರುವಾದಂತಿತ್ತು.

ಇಬ್ಬರಿಗೂ ಸ್ಕ್ಯಾನ್ ಆಯಿತು. ಮುನಿಸ್ವಾಮಿಯ ನಾಳ ಸರಿಯಾಗಿತ್ತು. ನನ್ನದು ಸ್ವಲ್ಪ ಉಬ್ಬಿದೆ, ಈಗಲೇ ಗಾಬರಿ ಬೇಡ, ಆದರೆ ಮತ್ತೆ ಮತ್ತೆ ತೋರಿಸುತ್ತಿರಬೇಕು ಎಂದರು ಡಾಕ್ಟರು. "ನೀವು ಕಿತ್ಕಂಡಿದ್ದಕ್ಕೆ ನಾನ್ ಉಳ್ಕಂಡೆ ಸಾರ್," ಎಂದು ಮುನಿಸ್ವಾಮಿ ಕೈ ಮುಗಿದ. ಗೇಲಿಯೋ ಕೃತಜ್ಞತೆಯೋ, ನನಗೆ ಇಂದಿಗೂ ತಿಳಿದಿಲ್ಲ.

ಈಗ ನಾನು ಹೊರಗಿನಿಂದ ಬಂದರೆ ರತ್ನಮ್ಮ ಬಾಗಿಲಲ್ಲೇ ತಡೆದು ಕೈ ಎತ್ತಿಸುತ್ತಾಳೆ. ಜೇಬು, ಸೊಂಟ ತಡವಿದ ಮೇಲೆ ಹೊಟ್ಟೆಯ ಮೇಲೆ ಒಂದು ಗಳಿಗೆ ಅಂಗೈ ಇಡುತ್ತಾಳೆ. ಅದು ಬೀಡಿ ಹುಡುಕುವ ಕೈಯಲ್ಲವೆಂದು ನನಗೆ ಗೊತ್ತಾಗುತ್ತದೆ. ಆ ಕೆಲಸದಲ್ಲಿ ನನಗೆ ಅನುಭವವಿದೆ. ಮೊನ್ನೆ ಅವಳು ಬೇಗ ಮುಗಿಸಿ ಒಳಗೆ ಹೊರಟಾಗ, "ಟೋಪಿ ಮಡಿಕೆ ನೋಡ್ಲೇ ಇಲ್ವಲ್ಲ?" ಎಂದು ನಾನೇ ಕರೆದು, ಕೈ ಇನ್ನಷ್ಟು ಮೇಲೆತ್ತಿ ನಿಂತೆ.