ಬ್ರೇಕ್ ಒತ್ತುವವರು ಬೇಕಾಗಿದ್ದಾರೆ

ಗ್ಯಾರೇಜಿನಲ್ಲಿ ನಗುವಂಥ ಸಂಗತಿಗಳಿಗೆ ಯಾವತ್ತೂ ಬರ ಬಂದಿಲ್ಲ. ಪಕ್ಕದಲ್ಲಿ ನಿಂತು ಜೊತೆಗೆ ನಗುವವರಿಗಷ್ಟೇ ಬರ. ಅದಕ್ಕೇ ಇವನ್ನು ಬರೆದಿಡುತ್ತಿದ್ದೇನೆ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡದಿಂದ ಇಳಿದ ಲಾರಿಗಳ ಸಾಲು ಹೊಸಪೇಟೆ ದಾಟಿ ಎಲ್ಲಿ ಮುಗಿಯುತ್ತದೆಂದು ಕಂಡವರಿರಲಿಲ್ಲ. ನನ್ನ ಜೊತೆ ಹನ್ನೆರಡು ವರ್ಷ ಪಾಲಿನಲ್ಲಿ ಗ್ಯಾರೇಜು ನಡೆಸಿದ ಗೆಳೆಯ ಒಂದು ದಿನ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, "ಮಂದಿ ಗಾಡಿ ಕೆಳಗ ಮಲಗಿದ್ದು ಸಾಕಪ, ನಾನೂ ಒಂದು ಲಾರಿ ತಗೊಂತೀನಿ" ಎಂದು ಹೋದ. ನನ್ನ ಹೆಂಡತಿ ಅದಕ್ಕೂ ಮೊದಲೇ ಕಾಯಿಲೆ ಬಿದ್ದು ತೀರಿಹೋಗಿದ್ದಳು. ಮಕ್ಕಳಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂದು ತಗಡಿನ ಶೆಡ್ಡು, ಒಂದು ಜಾಕು, ನಾನು.

ಹಳೇ ಸಣ್ಣ ಕಾರುಗಳೇ ನನ್ನ ಪಾಲಿಗೆ ಬರುತ್ತಿದ್ದವು, ಅದರಲ್ಲೂ ಹೆಚ್ಚಾಗಿ ಆಕ್ಸಲ್ ಕೆಲಸ. ಗೇರ್ ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಹೋಗುವ ಸರಳಿಗೆ ಆಕ್ಸಲ್ ಅನ್ನುತ್ತೇವೆ. ಅದರ ತುದಿಗೆ, ಚಕ್ರ ಎಡಕ್ಕೆ ಬಲಕ್ಕೆ ಹೊಳ್ಳಿದಂತೆ ತಾನೂ ಹೊಳ್ಳುವ ಒಂದು ಗಿಣ್ಣು ಇರುತ್ತದೆ. ಅದೇ ಸಿ.ವಿ. ಜಾಯಿಂಟು. ಗಿಣ್ಣಿನ ಮೇಲೆ ರಬ್ಬರ್ ಟೋಪಿ, ಒಳಗೆ ಗ್ರೀಸು. ಅದಿರಿನ ಲಾರಿಗಳು ಕಿತ್ತುಹಾಕಿದ ರಸ್ತೆಯಲ್ಲಿ ಓಡಾಡಿ ಟೋಪಿ ಹರಿಯಿತೆಂದರೆ ಕೆಂಪು ಧೂಳು ಒಳಹೊಕ್ಕು, ಗ್ರೀಸಿನ ಜೊತೆ ಸೇರಿ ಕಬ್ಬಿಣವನ್ನೇ ಅರೆಯುತ್ತದೆ. ಆಮೇಲೆ ಕಾರು ಹೊಳ್ಳಿದಾಗಲೆಲ್ಲ ಕಟಕಟ.

ಹೊಸದು ಹಾಕಬೇಕೆಂದರೆ ಮೊದಲು ಚಕ್ರದ ನಡುವಿನ ದೊಡ್ಡ ನಟ್ಟು ಬಿಚ್ಚಬೇಕು. ನಾನು ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಅದರ ಮೇಲೆ ನಿಂತಾಗ ಚಕ್ರ ತಿರುಗಬಾರದು, ಹಾಗಾಗಿ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಬೇಕು. ಹೆಂಡತಿ ಇದ್ದಾಗ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ಒತ್ತುತ್ತಿದ್ದಳು. ಆಮೇಲೆ ಬಂದ ಗಿರಾಕಿಯನ್ನೇ ಕೂಡಿಸಿಕೊಳ್ಳತೊಡಗಿದೆ. ಸೀಟಿಗೂ ಬ್ರೇಕಿಗೂ ನಡುವೆ ಒಂದು ಕೋಲು ಸಿಕ್ಕಿಸಿದರೂ ಕೆಲಸ ಆಗುತ್ತದೆ. ಆದರೆ ಕೋಲು ಮಾತಾಡುವುದಿಲ್ಲ.

ಮೂರು ಸಲ ಎಡಕ್ಕೆ

ಕಂಪ್ಲಿ ಹತ್ತಿರದ ಮೆಟ್ರಿಯಿಂದ ಗೌಡರೊಬ್ಬರು ಬಂದರು. ನೀರಾವರಿ ಹೊಲ, ಇಸ್ತ್ರಿ ಮಾಡಿದ ಧೋತರ, ತುಕ್ಕು ಹಿಡಿದ ಕಾರು.

"ಮೇಸ್ತ್ರಿ, ಬಲಕ್ಕ ಹೊಳ್ಳಿಸಿದ್ರ ಕಟಕಟ ಅಂತೈತಿ."

"ಎಷ್ಟು ದಿನ ಆತ್ರಿ?"

"ಆರು ತಿಂಗಳು."

"ಆರು ತಿಂಗಳು ಹೆಂಗ ಓಡ್ಸಿದ್ರಿ?"

"ಎಡಕ್ಕ ಹೊಳ್ಳಿಸಿದ್ರ ಸಪ್ಪಳ ಇಲ್ಲಲ್ಲ? ಬರೇ ಎಡಕ್ಕ ಓಡ್ಸಿದೆ."

"ಬಲಕ್ಕ ಹೋಗೋದು ಬಂದ್ರ?"

"ಮೂರು ಸಲ ಎಡಕ್ಕ ಹೊಳ್ಳಿದ್ರ ಬಲಕ್ಕ ಹೊಳ್ಳಿದಂಗ. ಸಾಲ್ಯಾಗ ಕಲಿಸಿಲ್ಲೇನು ನಿಮಗ?"

ಬಲಕ್ಕೆ ಹೊಳ್ಳಿದಾಗ ಸದ್ದು ಬಂದರೆ ಕೆಟ್ಟಿರುವುದು ಸಾಮಾನ್ಯವಾಗಿ ಎಡಗಡೆಯ ಜಾಯಿಂಟು. ಗೌಡರನ್ನೇ ಬ್ರೇಕಿನ ಮೇಲೆ ಕೂಡಿಸಿ ಅದನ್ನು ಬದಲಿಸಿದೆ. ಬೀದಿಯಲ್ಲಿ ಬಲಕ್ಕೆ ನಾಲ್ಕು ಸುತ್ತು ಹೊಡೆದು ಖುಷಿಯಿಂದ ಹೋದರು. ಎಂಟು ದಿನ ಬಿಟ್ಟು ಮುಖ ಇಳಿಬಿಟ್ಟುಕೊಂಡು ವಾಪಸ್ ಬಂದರು.

"ಮತ್ತ ಸಪ್ಪಳ ಬಂತೇನ್ರಿ?"

"ಇಲ್ಲಪ. ಅದ ತ್ರಾಸಾಗೇತಿ. ಈಗ ಕಂಪ್ಲಿಗೆ ಹೋದ್ರ ಸೀದಾ ಮನಿಗೆ ಬಂದುಬಿಡ್ತೀನಿ."

"ಚಲೋ ಆತಲ್ರಿ."

"ಏನ್ ಚಲೋ? ಮೂರು ಸಲ ಎಡಕ್ಕ ಹೊಳ್ಳೋ ದಾರ್ಯಾಗ ಒಂದು ಚಾದಂಗಡಿ ಬರ್ತಿತ್ತು. ಗೆಳ್ಯಾರೆಲ್ಲ ಅಲ್ಲೇ ಇಸ್ಪೀಟು ಆಡ್ತಾರ. 'ಯಾಕ ತಡ' ಅಂತ ಮನ್ಯಾಕಿ ಕೇಳಿದ್ರ, 'ಏನ್ ಮಾಡ್ಲಿ, ಕಾರು ಬಲಕ್ಕ ಹೊಳ್ಳಂಗಿಲ್ಲ' ಅಂತಿದ್ದೆ. ಈಗೇನು ಹೇಳ್ಲಿ?"

ಸುತ್ತ ನೋಡಿ ದನಿ ತಗ್ಗಿಸಿದರು. "ಹಳೇ ಜಾಯಿಂಟು ಗುಜರಿಗೆ ಒಗದಿಲ್ಲಲ್ಲ? ವಾಪಸ್ ಹಾಕಿಬಿಡ್ರಿ."

ನಾ ಹೇಳೋತನ ಬಿಡಬ್ಯಾಡ್ರಿ

ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬ ಮಾಸ್ತರರಿದ್ದರು. ಲೆಕ್ಕ ಕಲಿಸಿ ನಿವೃತ್ತರಾದವರು, ಮದುವೆಯೇ ಆಗದವರು. ವಾರಕ್ಕೊಮ್ಮೆ ಹಂಪಿಗೆ ಹೋಗಿ ಹೊಳೆದಂಡೆಯ ಬಂಡೆಯ ಮೇಲೆ ಕೂತು ಬರಲಿಕ್ಕೆಂದೇ ಒಂದು ಹಳೇ ಕಾರು ಇಟ್ಟುಕೊಂಡಿದ್ದರು. ಅದರ ಆಕ್ಸಲ್ ಹೋಯಿತು.

"ಮಾಸ್ತರ್ರ, ಒತ್ರಿ. ನಾ ಹೇಳೋತನ ಬಿಡಬ್ಯಾಡ್ರಿ" ಅಂದೆ. ಒತ್ತಿದರು. ನಟ್ಟು ಬಿಚ್ಚಿತು, ಹಳೇ ಆಕ್ಸಲ್ ಹೊರಬಂತು. ಹೊಸದನ್ನು ಅದರ ಪಕ್ಕದಲ್ಲಿಟ್ಟು ತುದಿಯ ಹಲ್ಲು ಎಣಿಸಿದರೆ ಎರಡು ಕಡಿಮೆ. ಅಂಗಡಿಯವನು ಬೇರೆ ಕಾರಿನದು ಕೊಟ್ಟಿದ್ದ. ಸಿಟ್ಟು ನೆತ್ತಿಗೇರಿ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ. ರೈಲ್ವೆ ಗೇಟು ಹಾಕಿತ್ತು. ಅದಿರು ತುಂಬಿದ ಗೂಡ್ಸು ಮುಂದೆ ಒಂದಿಷ್ಟು ಹೋಗಿ, ಮನಸ್ಸು ಬದಲಿಸಿ ಹಿಂದೆ ಬಂದು, ಗೇಟಿನಲ್ಲೇ ನಿಂತುಬಿಟ್ಟಿತು. ಅದು ಹೋಗಿ ಗೇಟು ತೆಗೆಯುವ ಹೊತ್ತಿಗೆ ಅಂಗಡಿಯವನು ಊಟಕ್ಕೆ ಹೋಗಿದ್ದ.

ಕಾದು ಕೂತು, ಸರಿಯಾದದ್ದನ್ನು ತೆಗೆದುಕೊಂಡು ಎರಡು ತಾಸು ಬಿಟ್ಟು ಬಂದೆ. ಮಾಸ್ತರರು ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಹಣೆಯ ಮೇಲೆ ಬೆವರು.

"ಯಾಕ್ರಿ, ಇನ್ನೂ ಒತ್ತೀರೇನು?"

"ನೀನ ಅಂದಿ. ಹೇಳೋತನ ಬಿಡಬ್ಯಾಡ್ರಿ ಅಂತ."

"ನಟ್ಟು ಆವಾಗ್ಲೇ ಬಿಚ್ಚೇತಲ್ರಿ!"

"ಗೊತ್ತಾತು. ಆದ್ರ ನೀ ಹೇಳಿದ್ದಿಲ್ಲ."

ಕಾಲು ಜೋಮು ಹಿಡಿದು ಕೆಳಗಿಳಿಯಲು ಬರಲಿಲ್ಲ. ಎತ್ತಿ ಇಳಿಸಿ, ಸ್ಟೂಲಿನ ಮೇಲೆ ಕೂಡಿಸಿ, ಮೀನಖಂಡ ತಿಕ್ಕಿದೆ. "ಬೇಜಾರಾಗ್ಲಿಲ್ಲೇನ್ರಿ?" ಅಂದೆ. ಅವರು, "ನಿವೃತ್ತಿ ಆದಮ್ಯಾಲೆ ಇದನ್ನ ಮಾಡು ಅಂತ ನನಗ ಯಾರೂ ಹೇಳಿದ್ದಿಲ್ಲಪ" ಅಂದರು.

ತಿಕ್ಕುತ್ತಲೇ ಇದ್ದೆ.

ಮರುದಿನ ಬೆಳಿಗ್ಗೆ ಶೆಡ್ಡು ತೆಗೆಯುವ ಹೊತ್ತಿಗೆ ಮಾಸ್ತರರು ನಡೆದುಕೊಂಡು ಬಂದರು.

"ಕಾರಿಗೇನಾತ್ರಿ?"

"ಕಾರು ಮಸ್ತ್ ಐತಿ." ಶೆಡ್ಡಿನೊಳಗೆ ಇಣುಕಿ ನೋಡಿದರು. "ಬ್ಯಾರೆ ಯಾರದಾರ ಒತ್ತೋದೈತೇನು?"

ಬಣ್ಣ

ಸಂಡೂರಿನಿಂದ ಬಂದ ಒಂದು ಕಾರಿಗೆ ಎಲ್ಲಿ ಟೋಪಿ ಹರಿದಿದೆ ಎಂದು ಗೊತ್ತಾಗದಷ್ಟು ಧೂಳು ಮೆತ್ತಿತ್ತು. ನೀರು ಹೊಡೆದೆ. ಹೊಡೆದದ್ದೇ ಆಯಿತು ಎಂದು ಇಡೀ ಕಾರು ತೊಳೆದೆ. ಜಾಯಿಂಟು ಹಾಕಿ ಮುಗಿಸಿ ಕೂತೆ. ಸಂಜೆ ಯಜಮಾನರು ಬಂದು, ಅದರ ಮುಂದೆಯೇ ಹಾದುಹೋಗಿ, ಶೆಡ್ಡೆಲ್ಲ ಹುಡುಕಿದರು.

"ನನ್ನ ಕಾರು ಎಲ್ಲೈತ್ರಿ?"

"ಇದ ಅಲ್ಲೇನ್ರಿ?"

"ನಂದು ಕೆಂಪು."

ನಂಬರು ತೋರಿಸಿದೆ. ಸೀಟಿನ ಮೇಲಿದ್ದ ಅವರದೇ ಟವೆಲ್ಲು ತೋರಿಸಿದೆ. ಅವರು ತಲೆ ಮೇಲೆ ಕೈ ಹೊತ್ತು ಕೂತರು. ಮಳೆಗಾಲ ಮುಗಿದ ಮೇಲೆ ಸಂಡೂರಿನಲ್ಲೇ ಯಾರಿಂದಲೋ ಕೊಂಡಿದ್ದರಂತೆ. ಕೊಂಡಾಗಿನಿಂದ ಅದು ಕೆಂಪೇ.

"ಕೆಂಪು ಶುಭ ಅಂತ ಹೇಳಿ ನಮ್ಮವ್ವನ್ನ ಒಪ್ಪಿಸೀನ್ರಿ. ಬಿಳೇದು ಒಯ್ದ್ರ ಅಂಗಳದಾಗ ನಿಂದರ್ಸಾಕ ಬಿಡಂಗಿಲ್ಲ ಆಕಿ."

"ಚಿಂತಿ ಮಾಡಬ್ಯಾಡ್ರಿ" ಅಂದೆ. "ಇಲ್ಲಿಂದ ಸಂಡೂರು ಮುಟ್ಟೋದರಾಗ ಶುಭ ಆಕ್ಕೈತಿ."

ನಲವತ್ತರ ವೇಗ

ಅದಿರಿನ ಲಾರಿ ತೂಗುವ ಕಾಟಾದಲ್ಲಿ ಒಬ್ಬ ಗುಮಾಸ್ತರಿದ್ದರು. ಕಾಲ ಚೆನ್ನಾಗಿತ್ತು, ಒಂದು ಹಳೇ ಕಾರು ತೆಗೆದುಕೊಂಡರು. ಅದರಲ್ಲಿ ಹೆಂಡತಿ, ಅತ್ತೆ, ಮಾವನನ್ನು ಕೂಡಿಸಿಕೊಂಡು ಹಂಪಿಗೆ ಹೊರಟರು. ಮಧ್ಯಾಹ್ನ ಫೋನು ಬಂತು.

"ಮೇಸ್ತ್ರಿ, ಜಲ್ದಿ ಬರ್ರಿ! ಕಾರು ನಲವತ್ತರಾಗ ಐತಿ!"

"ನಲವತ್ತರಾಗ ಓಡಿಸ್ಕೊಂತ ಫೋನ್ ಮಾಡಬ್ಯಾಡ್ರಿ. ಮೊದ್ಲ ನಿಂದರಿಸ್ರಿ."

"ನಿಂತೈತ್ರಿ!"

"ನಲವತ್ತರಾಗ ಐತಿ ಅಂದ್ರಿ?"

"ಮೀಟರ್ ನಲವತ್ತು ತೋರಿಸ್ತೈತ್ರಿ. ಎದುರಿನ ಮಂಟಪ ಮಾತ್ರ ಹತ್ತಿರ ಬರವಲ್ದು!"

ಬಸ್ಸು ಹಿಡಿದು ಹೋದೆ. ಸವೆದ ಆಕ್ಸಲ್ ಗೇರ್ ಬಾಕ್ಸಿನಿಂದ ಕಳಚಿಕೊಂಡಿತ್ತು. ಎಂಜಿನ್ನು ಒಳಗೊಳಗೇ ತಿರುಗುತ್ತಿತ್ತು, ಮೀಟರು ಅದನ್ನೇ ನಂಬಿ ಲೆಕ್ಕ ಹಾಕುತ್ತಿತ್ತು, ಚಕ್ರಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ಅತ್ತೆ ಮಾವನ ಮುಂದೆ ಮರ್ಯಾದೆ ಹೋಗುತ್ತದೆಂದು ಗುಮಾಸ್ತರು ಇಳಿಯದೆ ಅರ್ಧ ತಾಸು ಆಕ್ಸಿಲರೇಟರ್ ಒತ್ತಿದ್ದರು.

ಅಲ್ಲೇ ಬೇವಿನ ಮರದ ನೆರಳಲ್ಲಿ ಕೆಲಸ ಮಾಡಿದೆ. ಮುಗಿದಾಗ ಅವರು ಬುತ್ತಿ ಬಿಚ್ಚಿದರು. "ನೀವೂ ಕುಂದ್ರಿ" ಅಂದರು. ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ. ನಾಲ್ಕು ಜನರ ನಡುವೆ ಕೂತು ಉಂಡು ಎಷ್ಟು ದಿನವಾಗಿತ್ತೋ, ಎರಡನೇ ರೊಟ್ಟಿ ಬೇಕೇ ಅಂದಾಗ ಹೂಂ ಅನ್ನಲು ದನಿ ಹೊರಡಲಿಲ್ಲ. ಖಾರ ಹತ್ತಿತೆಂದು ನೀರು ಕೊಟ್ಟರು.

ಅತ್ತೆಯವರಿಗೆ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಕಡೆ ವಾಲಿ ಮೆಲ್ಲಗೆ ಅಂದರು. "ನಮ್ಮ ಅಳಿಯಂದ್ರು ಭಾಳ ಚಂದ ಗಾಡಿ ಹೊಡೀತಾರಪ. ಹೊಸಪೇಟಿ ಬಿಟ್ಟಾಗಿಂದ ಬರೇ ಕುಲುಕಾಟ ಇತ್ತು. ಆಮ್ಯಾಲೆ ಅರ್ಧ ತಾಸು ನೋಡು, ಒಂದ ಒಂದು ಕುಲುಕಿಲ್ಲ!"

ಹೂಂ

ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ.

ಕಂಪ್ಲಿಯ ಕಡೆಯ ಒಬ್ಬ ನರ್ಸಮ್ಮ. ಗಂಡ ತೀರಿ ಆರು ವರ್ಷವಾಗಿತ್ತು, ತಂದೆತಾಯಿಯ ಜೊತೆ ಇದ್ದರು. ಹಳ್ಳಿ ಹಳ್ಳಿ ತಿರುಗಿ ಅವರ ಕಾರಿನ ಎರಡೂ ಆಕ್ಸಲ್ ಸವೆದಿದ್ದವು. ಒಂದೇ ದಿನ ಎರಡನ್ನೂ ಹಾಕಬಹುದಿತ್ತು. ನಾನು ಎಡಗಡೆಯದನ್ನು ಹಾಕಿ, "ಬಲಗಡೇದು ಮುಂದಿನ ವಾರ ನೋಡೋಣ್ರಿ" ಅಂದೆ. ಮೂವತ್ತು ವರ್ಷದ ಕಸುಬಿನಲ್ಲಿ ನಾನು ಬೇಕಂತಲೇ ಮಾಡಿದ ಮೋಸ ಅದೊಂದೇ. ಬ್ರೇಕ್ ಒತ್ತಿ ಕೂತಾಗ ಅವರು, "ಊಟ ಆತೇನ್ರಿ?" ಎಂದು ಕೇಳಿದ್ದರು. ಅಷ್ಟೇ.

ಇದರಿಂದ ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡು ತಿಂಗಳಿಗೆ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು, ಮನೆಯವರೆಲ್ಲ ಹೋದರು. ಹೋಗುವ ಮುಂಚೆ ಗ್ಯಾರೇಜಿಗೆ ಬಂದು ಹೇಳಿ ಹೋದರು. ನಾನು ಹೋಗಿ ಬರ್ರಿ ಅಂದೆ.

ಬಲಗಡೆಯ ಆಕ್ಸಲಿಗೆಂದು ಬರಹೇಳಿದ್ದ ಆ ದಿನ ಒಗೆದ ಅಂಗಿ ಹಾಕಿಕೊಂಡು ಕಾದೆ. ನರ್ಸಮ್ಮ ಬಂದರು. ಹಿಂದಿನ ಸೀಟಿನಲ್ಲಿ ಅವರ ತಾಯಿ, ಎಪ್ಪತ್ತು ದಾಟಿದವರು, ನಿದ್ದೆ ಹೋಗಿದ್ದರು. ನರ್ಸಮ್ಮ ಬ್ರೇಕ್ ಒತ್ತಿದರು, ನಟ್ಟು ಬಿಚ್ಚಿದೆ. ಕಾರನ್ನು ಜಾಕಿನ ಮೇಲೆತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಆಕ್ಸಲಿನ ಒಳತುದಿ ಕೀಳಲು ಕೆಳಗೆ ತೂರಿಕೊಂಡೆ. ಅದು ಜಪ್ಪಯ್ಯ ಅಂದರೂ ಬರಲಿಲ್ಲ. ಸುತ್ತಿಗೆ ಹಿಡಿದು ಹತ್ತು ನಿಮಿಷ ಹೊಡೆದ ಮೇಲೆ ಬಂತು. ಹೊಸದನ್ನು ದಬ್ಬಿದೆ. ಟಕ್ ಎಂದು ಕೂತಿತು.

ಮುಖ ಕಾಣುತ್ತಿರಲಿಲ್ಲವಲ್ಲ, ಅದಕ್ಕೇ ಧೈರ್ಯ ಬಂತೇನೋ. ಬೆನ್ನ ಮೇಲೆ ಮಲಗಿದಲ್ಲೇ ಕೇಳಿದೆ.

"ಅದೀರೇನ್ರಿ?"

"ಹೂಂ."

"ಒಂದು ಮಾತು ಹೇಳೋದಿತ್ರಿ."

"ಹೂಂ."

ಹೇಳಿದೆ. ಹೆಂಡತಿ ಹೋಗಿ ನಾಲ್ಕು ವರ್ಷವಾಯಿತೆಂದು ಹೇಳಿದೆ. ದಿನಾ ಎರಡು ರೊಟ್ಟಿ ಬಡಿದು, ಒಂದನ್ನು ತಿಂದು, ಇನ್ನೊಂದನ್ನು ಯಾಕೆ ಬಡಿದೆ ಎಂದು ನೋಡುತ್ತಾ ಕೂಡುತ್ತೇನೆ ಅಂದೆ. ಬಲಗಡೆಯ ಆಕ್ಸಲ್ ಹೋದ ವಾರವೇ ಹಾಕಬಹುದಿತ್ತು ಎಂಬುದನ್ನೂ ಒಪ್ಪಿಕೊಂಡೆ. ಪ್ರತಿ ಮಾತಿಗೂ ಮೇಲಿನಿಂದ ಮೆತ್ತಗೆ ಒಂದು ಹೂಂ ಬರುತ್ತಿತ್ತು. ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಅಂದುಬಿಟ್ಟೆ.

"ನಿಮಗೂ ಒಬ್ಬರ ಆಸರ ಬೇಕು, ನನಗೂ ಬೇಕು. ನಿಮಗ ಒಪ್ಪಿಗಿ ಇದ್ರ ಇಬ್ರೂ ಕೂಡಿ ಒಂದು ಮನಿ ಮಾಡೋಣೇನ್ರಿ?"

ಈ ಸಲ ಹೂಂ ಬರಲಿಲ್ಲ. ನಿಧಾನವಾಗಿ ಹೊರಗೆ ತೆವಳಿ, ಎದ್ದು, ಸೀಟಿನ ಕಡೆ ನೋಡಿದೆ.

ಸ್ಟಿಯರಿಂಗ್ ಹಿಡಿದು, ಎರಡೂ ಕಾಲಿನಿಂದ ಬ್ರೇಕ್ ಒತ್ತಿಕೊಂಡು, ತಾಯಿ ಕೂತಿದ್ದರು. ನಾನು ಸುತ್ತಿಗೆ ಹೊಡೆಯುವಾಗ ಪಕ್ಕದ ಓಣಿಯವರು ಕೂಸಿಗೆ ಜ್ವರ ಎಂದು ನರ್ಸಮ್ಮನನ್ನು ಕರೆದುಕೊಂಡು ಹೋಗಿದ್ದರು. "ಬ್ರೇಕಿಗೆ ಯಾರಾದ್ರೂ ಬೇಕಲ್ಲ" ಎಂದು ಈ ಅವ್ವ ಹಿಂದಿನಿಂದ ಮುಂದಕ್ಕೆ ಬಂದಿದ್ದರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು.

ಅಷ್ಟರಲ್ಲಿ ಓಣಿಯ ತಿರುವಿನಿಂದ ನರ್ಸಮ್ಮ ಬಂದರು. ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು.

"ಏನಾತವ್ವ?"

"ಏನಿಲ್ಲವಾ" ಅಂದರು ಆ ಮುದುಕಿ, ಬ್ರೇಕಿನಿಂದ ಕಾಲು ತೆಗೆಯದೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ಮೇಸ್ತ್ರಿ ಪಾಪ, ನನ್ನ ಕೂಡ ಮನಿ ಮಾಡ್ತೀನಿ ಅಂತ ಮರ್ಯಾದಿಲೆ ಒಂದು ಮಾತು ಕೇಳ್ಯಾನ. ನನಗೇನೋ ಒಪ್ಪಿಗಿ ಐತಿ. ಮನ್ಯಾಗ ನಿಮ್ಮಪ್ಪನ್ನ ಒಂದು ಸಲ ಕೇಳಿಬಿಡೋಣ."