ಮೂಲ ಸ್ಥಿತಿಯ ವೈನು

ಹಳೆಯ ಕಟ್ಟಡವೊಂದು ಸೋರುತ್ತಿದೆ ಎಂದು ಅದರ ಒಡೆಯರೇ ಹೇಳಲು ನಿಯಮದಲ್ಲಿ ಅವಕಾಶವಿಲ್ಲ. ಅದನ್ನು ಪರಂಪರೆ ಇಲಾಖೆಯೇ ಕಂಡುಹಿಡಿಯಬೇಕು. ವೈನ್ ತೋಟದ ಯಜಮಾನಿಗೆ ಇದು ಗೊತ್ತಿರಲಿಲ್ಲ. ಪೀಪಾಯಿ ಕೋಣೆಯ ಮಾಡು ಸೋರುತ್ತಿದೆ, ನಾಲ್ಕು ಹೆಂಚು ಬದಲಾಯಿಸಲು ಅನುಮತಿ ಕೊಡಿ ಎಂದು ಆಕೆ ಕೇಳಿಬಿಟ್ಟಳು.

ಅಧಿಕಾರಿ ಬಂದರು. ಮಾಡಿನತ್ತ ತಲೆಯೆತ್ತಲಿಲ್ಲ, ಅದು ಬೇರೆ ವಿಭಾಗಕ್ಕೆ ಸೇರಿದ್ದು. ತೋಟದ ಇತಿಹಾಸ ಕೇಳಿದರು. ಯಜಮಾನಿ ಉಬ್ಬಿಹೋಗಿ ಎಲ್ಲ ಹೇಳಿದಳು: ಮುತ್ತಜ್ಜ ಬಳ್ಳಿ ನೆಟ್ಟದ್ದು, ಅವನು ಮೊದಲ ಸಲ ಹಿಂಡಿದ ರಸವೆಲ್ಲ ಹುಳಿತು ವಿನೆಗರ್ ಆದದ್ದು, ಆಮೇಲೆ ಅಜ್ಜ, ಅಪ್ಪ ಹದ ಕಲಿತದ್ದು. ಮನೆಯಲ್ಲಿ ಪ್ರತಿ ಪೀಪಾಯಿಯ ರುಚಿ ನೋಡಿ ತೀರ್ಪು ಕೊಡುವ ಚಿಕ್ಕಮ್ಮ ಕಣ್ಸನ್ನೆ ಮಾಡುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಆದೇಶ ಹೊರಟಿತು: “ಜೀರ್ಣೋದ್ಧಾರವೆಂದರೆ ಮೂಲ ಸ್ಥಿತಿಗೆ ತರುವುದು. ಸದರಿ ತೋಟದ ಮೂಲ ಸ್ಥಿತಿಯು ಹುಳಿಯೆಂದು ಒಡೆಯರ ಹೇಳಿಕೆಯಿಂದಲೇ ರುಜುವಾತಾಗಿರುವ ಕಾರಣ, ತದನಂತರದ ರುಚಿಯನ್ನು ಅನಧಿಕೃತ ಸೇರ್ಪಡೆಯೆಂದು ಪರಿಗಣಿಸಿ ತೆರವುಗೊಳಿಸತಕ್ಕದ್ದು.”

“ಸಾರ್, ಮುತ್ತಜ್ಜ ಅದನ್ನ ಚರಂಡಿಗೆ ಚೆಲ್ಲಿದ್ರು,” ಎಂದಳು ಯಜಮಾನಿ.

“ಚರಂಡಿಯನ್ನೂ ಸಂರಕ್ಷಿಸ್ತೀವಮ್ಮ,” ಎಂದು ಅಧಿಕಾರಿ ಸಮಾಧಾನ ಹೇಳಿದರು.

ಕೆಲಸ ಶಿಸ್ತಾಗಿ ನಡೆಯಿತು. ಪೀಪಾಯಿಗಳ ಬಿರಡೆ ಕಿತ್ತು ಗಾಳಿಗೆ ಬಿಟ್ಟರು. ಅಪ್ಪ ಸಾಯುವ ಮುಂಚೆ ತುಂಬಿಸಿದ್ದ ಪೀಪಾಯಿಯ ಸರದಿ ಬಂದಾಗ ಯಜಮಾನಿ ಅಲ್ಲಿ ನಿಲ್ಲಲಾರದೆ ಬಳ್ಳಿಗಳ ನಡುವೆ ಹೋಗಿ ಕೂತಳು. ಚಿಕ್ಕಮ್ಮ ಮಾತ್ರ ಕದಲದೆ ನೋಡಿದಳು. ಮಾಡು ಮೂಲದಲ್ಲೇ ಸೋರುತ್ತಿತ್ತೇ ಎಂಬುದು ಇತ್ಯರ್ಥವಾಗದ ಕಾರಣ ಅದನ್ನು ಮುಟ್ಟಲಿಲ್ಲ.

ಉದ್ಘಾಟನೆಗೆ ಬಂದ ಮಂತ್ರಿಗಳು ಒಂದು ಗುಟುಕು ಕುಡಿದರು. ಕಣ್ಣಲ್ಲಿ ನೀರು ಬಂತು. ಇತಿಹಾಸ ನೆನೆದು ಭಾವುಕರಾದರೆಂದು ಪತ್ರಿಕೆಗಳು ಬರೆದವು. ನೆರೆದವರೂ ಕುಡಿದು ಭಾವುಕರಾದರು. ತೋಟಕ್ಕೆ ಪ್ರಶಸ್ತಿ ಬಂತು. ಪ್ರವಾಸಿಗರು ಸಾಲುಗಟ್ಟಿದರು. ಪಕ್ಕದ ತೋಟದವನು, ಯಾವತ್ತೂ ಈಕೆಯ ಮುಖ ನೋಡದವನು, ತನ್ನ ವೈನೂ ಕೆಡುವ ಉಪಾಯ ಹೇಳಿಕೊಡಿ ಎಂದು ಕೈಮುಗಿದು ಬಂದ. ಅವನು ಗೇಲಿ ಮಾಡುತ್ತಿದ್ದಾನೆಂದು ಯಜಮಾನಿಗೆ ಮೊದಲು ಸಿಟ್ಟು ಬಂತು. ಅಲ್ಲವೆಂದು ಗೊತ್ತಾದ ಮೇಲೆ ಗಂಭೀರವಾಗಿ ಕೂತು ಹೇಳಿಕೊಟ್ಟಳು.

ಮರುವರ್ಷದ ಸುಗ್ಗಿಯಾದ ಮೇಲೆ ಚಿಕ್ಕಮ್ಮ ಒಂದೊಂದೇ ಪೀಪಾಯಿಯ ರುಚಿ ನೋಡುತ್ತ ಬಂದು, ಮೂಲೆಯದೊಂದರ ಮುಂದೆ ನಿಂತಳು.

“ಇದು ಕೈಕೊಟ್ಟಿದೆ ಕಣೇ,” ಎಂದಳು. “ನಿಮ್ಮಪ್ಪ ಮಾಡ್ತಿದ್ದ ಹಾಗೇ ಆಗಿದೆ.”

ಯಜಮಾನಿ ಲೋಟ ಇಸಿದುಕೊಂಡು ಒಂದು ಗುಟುಕು ಕುಡಿದಳು. ಮುಖ ಕಿವುಚಿ ಉಗಿದಳು.